ದಿನಾಂಕ ಮೊದಲು, ಮನೆ ಆಮೇಲೆ: ಲೈಫ್ ಎಸಿಡಿಮೆನಿ ಸ್ಥಳಾಂತರದ ಪ್ರಕರಣ ಅಧ್ಯಯನ

ಜೋಹಾನ್ಸ್‌ಬರ್ಗ್ ಮತ್ತು ಪ್ರಿಟೋರಿಯಾ ನಗರಗಳಿರುವ ಗೌಟೆಂಗ್, ದಕ್ಷಿಣ ಆಫ್ರಿಕಾದ ಪ್ರಾಂತ್ಯಗಳ ಪೈಕಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ಚಿಕ್ಕದು, ಸಂಪತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡದು. ಆ ಪ್ರಾಂತ್ಯದ ಆರೋಗ್ಯ ಸಚಿವೆಯಾಗಿದ್ದ ಕೆದಾನಿ ಮಹ್ಲಾಂಗು ಅವರು, ದೀರ್ಘಕಾಲದ ಮನೋರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಲೈಫ್ ಎಸಿಡಿಮೆನಿ ಎಂಬ ಖಾಸಗಿ ಸಂಸ್ಥೆಯೊಂದಿಗೆ ಸರ್ಕಾರಕ್ಕಿದ್ದ ಹಳೆಯ ಒಪ್ಪಂದವನ್ನು ಕೊನೆಗೊಳಿಸುವುದಾಗಿ 2015ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಸಂಸ್ಥೆಯ ಬೇರೆ ಬೇರೆ ಕೇಂದ್ರಗಳಲ್ಲಿ ಸುಮಾರು 1,700 ಜನರಿದ್ದರು. 2016ರ ಮಾರ್ಚ್ 31ರೊಳಗೆ ಅವರೆಲ್ಲರೂ ಅಲ್ಲಿಂದ ಹೊರಡಬೇಕಿತ್ತು. ಕೆಲಸ ಮುಗಿಯದಿದ್ದಾಗ ಗಡುವನ್ನು ಮೂರು ತಿಂಗಳು ಮುಂದೂಡಿ ಜೂನ್ 30 ಎಂದು ನಿಗದಿಪಡಿಸಲಾಯಿತು. ಹೀಗೆ ಸ್ಥಳಾಂತರಗೊಂಡವರಲ್ಲಿ 144 ಮಂದಿ ತೀರಿಕೊಂಡರು ಎಂಬುದನ್ನು 2018ರ ಮಧ್ಯಸ್ಥಿಕೆ ವಿಚಾರಣೆಯ ಐತೀರ್ಪು ದಾಖಲಿಸಿದೆ.

ಈ ಪ್ರಕರಣವನ್ನು ಸಾಮಾನ್ಯವಾಗಿ ಆಡಳಿತದ ಕ್ರೌರ್ಯಕ್ಕೋ ಭ್ರಷ್ಟಾಚಾರಕ್ಕೋ ಉದಾಹರಣೆಯಾಗಿ ಓದುತ್ತಾರೆ. ಹಾಗೆ ಓದುವುದಕ್ಕೆ ಕಾರಣಗಳೂ ಇವೆ. ಆದರೆ ಮನೋರೋಗ ಆಸ್ಪತ್ರೆಯ ಹಿಂದಿನ ವಾರ್ಡುಗಳಲ್ಲಿ ಹತ್ತಿಪ್ಪತ್ತು ವರ್ಷ ಕಳೆದವರಿಗೆ ಹೊರಗೊಂದು ನೆಲೆ ಹುಡುಕುವ ಕೆಲಸದಲ್ಲಿರುವವರು ಇದನ್ನು ಬೇರೆ ರೀತಿಯಲ್ಲಿ ಓದಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಎಡವಿದ್ದು ನೀತಿಯಲ್ಲ. ಒಬ್ಬ ವ್ಯಕ್ತಿಯನ್ನು ಒಂದು ಮನೆಗೆ ಹೊಂದಿಸುವ ಕಸುಬು. ಜನರನ್ನು ಸಾಗಿಸಲಾಯಿತು, ಅವರ ಬಗೆಗಿನ ತಿಳಿವಳಿಕೆಯನ್ನು ಹಿಂದೆಯೇ ಬಿಡಲಾಯಿತು.

ಅಲ್ಲಿ ಇದ್ದವರು ಯಾರು

ಎಸಿಡಿಮೆನಿ ಎಂಬ ಹೆಸರು ಜುಲು ಮತ್ತು ಕೋಸಾ ಭಾಷೆಗಳಲ್ಲಿ ಘನತೆ ಎಂಬರ್ಥದ ಇಸಿಡಿಮ ಎಂಬ ಪದದಿಂದ ಬಂದದ್ದು. ಘನತೆಯ ತಾಣ ಎಂದು ಹೇಳಬಹುದು. ಹೆಸರು ಇಷ್ಟು ಚೆಂದವಾಗಿದ್ದರೂ ಸಂಸ್ಥೆಯ ಪೂರ್ವಚರಿತ್ರೆ ಹಾಗಿರಲಿಲ್ಲ. ಅದರ ಮೂಲವಿರುವುದು ವರ್ಣಭೇದದ ಕಾಲದ ಸ್ಮಿತ್ ಮಿಚೆಲ್ ಎಂಬ ಕಂಪನಿಯಲ್ಲಿ. 1960ರ ದಶಕದಿಂದ ಸರ್ಕಾರವು ತಲೆಗಿಷ್ಟು ಎಂದು ಹಣ ಕೊಟ್ಟು ಕಪ್ಪು ರೋಗಿಗಳನ್ನು ಆ ಕಂಪನಿಯ ವಸತಿಗಳಲ್ಲಿ ಇರಿಸುತ್ತಿತ್ತು. ಅಮೆರಿಕದ ಮನೋವೈದ್ಯರ ಸಂಘದ ತಂಡವೊಂದು ಅಲ್ಲಿಗೆ ಭೇಟಿ ಕೊಟ್ಟು, ತಪ್ಪಿಸಬಹುದಾಗಿದ್ದ ಸಾವುಗಳ ಬಗ್ಗೆ 1979ರಲ್ಲೇ ವರದಿ ಮಾಡಿತ್ತು. ಇದನ್ನು ಹೇಳಲು ಕಾರಣವಿದೆ: ದೊಡ್ಡ ಸಂಸ್ಥೆಗಳಿಂದ ಜನರನ್ನು ಹೊರತರಬೇಕು ಎಂಬ ಆಸೆ ತಪ್ಪಾಗಿರಲಿಲ್ಲ. ದಕ್ಷಿಣ ಆಫ್ರಿಕಾದ 2002ರ ಮಾನಸಿಕ ಆರೋಗ್ಯ ಕಾಯಿದೆಯೂ 2013ರಿಂದ 2020ರವರೆಗಿನ ರಾಷ್ಟ್ರೀಯ ಕಾರ್ಯನೀತಿಯೂ ಸಮುದಾಯದ ನಡುವಿನ ಆರೈಕೆಯನ್ನೇ ಗುರಿಯೆಂದು ಘೋಷಿಸಿದ್ದವು. ಆದರೆ ಅದೇ ಕಾರ್ಯನೀತಿ, ಮೊದಲು ಸಮುದಾಯದಲ್ಲಿ ಸೇವೆಗಳನ್ನು ಕಟ್ಟಿ ಅನಂತರ ಆಸ್ಪತ್ರೆಯ ಹಾಸಿಗೆಗಳನ್ನು ಇಳಿಸಬೇಕು ಎಂಬ ಕ್ರಮವನ್ನೂ ಹೇಳಿತ್ತು. ಇಲಾಖೆಯು ಗುರಿಯನ್ನು ಉಲ್ಲೇಖಿಸಿತು, ಕ್ರಮವನ್ನು ಬಿಟ್ಟುಬಿಟ್ಟಿತು.

2015ರ ಹೊತ್ತಿಗೆ ಎಸಿಡಿಮೆನಿಯಲ್ಲಿ ಉಳಿದಿದ್ದವರು, ಬಿಡುಗಡೆ ಮಾಡಿದರೆ ನಾಳೆಯೇ ಮನೆಗೆ ಹೋಗಬಲ್ಲವರಾಗಿರಲಿಲ್ಲ. ಹಲವು ವರ್ಷಗಳ ಸ್ಕಿಜೋಫ್ರೇನಿಯಾ ಇದ್ದವರು, ತೀವ್ರ ಬೌದ್ಧಿಕ ಅಂಗವೈಕಲ್ಯದ ಜೊತೆಗೆ ಮೂರ್ಛೆರೋಗವೂ ಇದ್ದವರು, ಮರೆಗುಳಿತನಕ್ಕೆ ಜಾರಿದ ವೃದ್ಧರು, ಮಾತೇ ಇಲ್ಲದವರು, ಕೈತುತ್ತು ಕೊಟ್ಟರೆ ಮಾತ್ರ ಉಣ್ಣಬಲ್ಲವರು, ಮಲಮೂತ್ರದ ಹಿಡಿತವಿಲ್ಲದವರು ಅಲ್ಲಿದ್ದರು. ಸಂಕೀರ್ಣ ಅಗತ್ಯಗಳು ಎಂದು ಕಡತಗಳಲ್ಲಿ ಬರೆಯುವ ಎರಡು ಪದಗಳ ಹಿಂದೆ ಇರುವುದು ಇಂಥ ವಿವರಗಳು. ಒಂದೇ ರೋಗನಾಮ ಹೊತ್ತ ಇಬ್ಬರಿಗೆ ಬೇಕಾದ ಮನೆ ಒಂದೇ ಆಗಿರುವುದಿಲ್ಲ. ಒಬ್ಬನಿಗೆ ಬೇಕಾದದ್ದು ಬೀಡಿ ಸೇದುವಾಗ ಪಕ್ಕದಲ್ಲೊಬ್ಬರು, ಇನ್ನೊಬ್ಬಳಿಗೆ ಬೇಕಾದದ್ದು ರಾತ್ರಿಯಿಡೀ ಎಚ್ಚರವಿರುವ ನರ್ಸ್.

ಎರಡು ಅಂಕಿಗಳು

ಲೈಫ್ ಎಸಿಡಿಮೆನಿಗೆ ಸರ್ಕಾರ ಒಬ್ಬರಿಗೆ ದಿನಕ್ಕೆ 320 ರ‍್ಯಾಂಡ್ ಕೊಡುತ್ತಿತ್ತು. ಅವರನ್ನು ಕಳುಹಿಸಲಿದ್ದ ಸ್ವಯಂಸೇವಾ ಸಂಸ್ಥೆಗಳಿಗೆ ಕೊಡಲು ನಿಗದಿಯಾದದ್ದು 112 ರ‍್ಯಾಂಡ್. ಆಗಿನ ವಿನಿಮಯ ದರದಲ್ಲಿ ಮೊದಲನೆಯದು ಸರಿಸುಮಾರು 1,400 ರೂಪಾಯಿ, ಎರಡನೆಯದು 500. ಊಟ, ಬಟ್ಟೆ, ಔಷಧಿ ಕೊಡುವವರ ಸಂಬಳ, ಹಾಸಿಗೆ ಒಗೆಯುವ ನೀರು, ಆಸ್ಪತ್ರೆಗೆ ಒಯ್ಯುವ ವಾಹನ ಎಲ್ಲವೂ ಆ 112ರೊಳಗೆ ಆಗಬೇಕಿತ್ತು. ಅದೂ ಸರಿಯಾದ ಸಮಯಕ್ಕೆ ಕೈಸೇರಲಿಲ್ಲ. ಮೊದಲ ತಿಂಗಳುಗಳ ಹಣ ಬಾರದೆ ಹಲವು ಸಂಸ್ಥೆಗಳು ಸಾಲ ಮಾಡಿ, ದಾನ ಬೇಡಿ ಅನ್ನ ಹಾಕಬೇಕಾಯಿತೆಂಬುದು ಮುಂದೆ ನಡೆದ ವಿಚಾರಣೆಯಲ್ಲಿ ಹೊರಬಂತು. ಇತ್ತ ಸರ್ಕಾರಿ ಮನೋರೋಗ ಆಸ್ಪತ್ರೆಗಳಿಗೆ ವರ್ಗಾವಣೆಯಾದವರಿಗೆ ತಗಲುತ್ತಿದ್ದ ದಿನವೆಚ್ಚ ಎಸಿಡಿಮೆನಿಯ ದರಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. ಉಳಿತಾಯದ ವಾದ ಅಲ್ಲಿಗೇ ಮುರಿದುಬೀಳುತ್ತದೆ.

ಎಚ್ಚರಿಕೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮನೋವೈದ್ಯರ ಸಂಘ, ಖಿನ್ನತೆ ಮತ್ತು ಆತಂಕ ರೋಗಿಗಳ ಪರವಾಗಿ ದುಡಿಯುವ ಸಂಘಟನೆ, ಮಾನಸಿಕ ಆರೋಗ್ಯ ಒಕ್ಕೂಟ ಮತ್ತು ರೋಗಿಗಳ ಕುಟುಂಬದವರು ಸೇರಿ 2015ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಸಮಾಲೋಚನೆ ಮಾಡಿಯೇ ಮುಂದುವರಿಯುವುದಾಗಿ ಇಲಾಖೆ ಒಪ್ಪಿಕೊಂಡಿದ್ದರಿಂದ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಮೂರು ತಿಂಗಳ ಬಳಿಕ, 54 ಮಂದಿಯನ್ನು ಟಕಲಾನಿ ಎಂಬ ವಸತಿಗೆ ಕಳುಹಿಸುವುದನ್ನು ತಡೆಯಬೇಕೆಂದು ಅವರು ಮತ್ತೆ ತುರ್ತು ಅರ್ಜಿ ಹಾಕಿದರು. ಟಕಲಾನಿ ಮೂಲತಃ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳ ವಸತಿ. ದೊಡ್ಡವರ ಮನೋರೋಗವನ್ನು ನಿಭಾಯಿಸಲು ಕಟ್ಟಿದ್ದಲ್ಲ. ನ್ಯಾಯಾಲಯ ತಡೆಯಾಜ್ಞೆ ಕೊಡಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ ಮಾರ್ಚ್ ತಿಂಗಳು. ಒಂದು ನಿರ್ದಿಷ್ಟ ಮನೆ, ಒಂದು ನಿರ್ದಿಷ್ಟ ಗುಂಪು, ಅವೆರಡೂ ಹೊಂದುವುದಿಲ್ಲವೆಂಬ ನಿರ್ದಿಷ್ಟ ಆಕ್ಷೇಪ ಮೇಜಿನ ಮೇಲೆ ಬಂದಿತ್ತು; ಅದನ್ನು ಉತ್ತರಿಸಬೇಕಾದ ವೈದ್ಯಕೀಯ ಪ್ರಶ್ನೆಯೆಂದು ನೋಡುವ ಬದಲು ಇಲಾಖೆಯು ದಾರಿಯಲ್ಲಿನ ಅಡಚಣೆಯೆಂದು ನೋಡಿತು.

ಸಾಗಣೆ

ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಡೆದದ್ದನ್ನು, ದಕ್ಷಿಣ ಆಫ್ರಿಕಾದಲ್ಲಿ ಆರೋಗ್ಯ ಸೇವೆಯ ಬಗೆಗಿನ ದೂರುಗಳನ್ನು ಸ್ವತಂತ್ರವಾಗಿ ತನಿಖೆ ಮಾಡುವ ಅಧಿಕಾರಿ, ಅಂದರೆ ಆಗಿನ ಆರೋಗ್ಯ ಒಂಬುಡ್ಸ್‌ಮನ್ ಮಲೆಗಪುರು ಮಕ್ಗೊಬಾ ಅವರ ವರದಿಯಿಂದಲೂ ಬಳಿಕದ ಸಾಕ್ಷ್ಯಗಳಿಂದಲೂ ಸಾಕಷ್ಟು ಸ್ಪಷ್ಟವಾಗಿ ತಿಳಿಯಬಹುದು. ಸಂಸ್ಥೆಗಳ ಪ್ರತಿನಿಧಿಗಳು ಬಂದು ತಮಗೆ ಬೇಕಾದ ರೋಗಿಗಳನ್ನು ಆರಿಸಿಕೊಂಡು ಹೋದ ಬಗೆಯನ್ನು ಆ ವರದಿ ದನದ ಸಂತೆಯ ಹರಾಜಿಗೆ ಹೋಲಿಸಿದೆ. ಹೋಲಿಕೆ ಒರಟಾಗಿದೆ, ಆದರೆ ಅದು ತೋರಿಸುವ ಅಂಶ ಮುಖ್ಯವಾದದ್ದು: ಯಾರು ಎಲ್ಲಿಗೆ ಎಂಬುದನ್ನು ಆ ವ್ಯಕ್ತಿಯನ್ನು ಬಲ್ಲ ವೈದ್ಯರಾಗಲಿ ನರ್ಸ್‌ಗಳಾಗಲಿ ನಿರ್ಧರಿಸಲಿಲ್ಲ. ಕೆಲವರನ್ನು ತೆರೆದ ವಾಹನಗಳಲ್ಲಿ, ಇನ್ನು ಕೆಲವರನ್ನು ಹಾಸಿಗೆಯ ಬಟ್ಟೆಯಿಂದ ಕಟ್ಟಿ ಒಯ್ಯಲಾಯಿತು. ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಹಲವು ಬಾರಿ ಸ್ಥಳ ಬದಲಿಸಿದವರೂ ಇದ್ದರು. ಕುಟುಂಬದವರಿಗೆ ತಮ್ಮವರು ಎಲ್ಲಿಗೆ ಹೋದರೆಂಬುದು ಗೊತ್ತಾಗುವಷ್ಟರಲ್ಲಿ ವಾರಗಳೇ ಉರುಳಿದ ನಿದರ್ಶನಗಳಿವೆ. ಕೆಲವರಿಗೆ ಮೊದಲು ಸಿಕ್ಕಿದ ಸುದ್ದಿ ಸಾವಿನ ಸುದ್ದಿಯೇ.

ಜನರೊಂದಿಗೆ ಹೋಗದೆ ಉಳಿದದ್ದು ಕಡತ, ಗುರುತಿನ ಪತ್ರ, ಔಷಧಿಯ ಚೀಟಿ ಮತ್ತು ಕೆಲವೊಮ್ಮೆ ಔಷಧಿ. ಇವು ಕಚೇರಿಯ ಕಾಗದಗಳಂತೆ ಕಾಣುತ್ತವೆ. ಆದರೆ ಮಾತು ಬಾರದ, ಮೂರ್ಛೆರೋಗವಿರುವ ಮಹಿಳೆಯೊಬ್ಬಳನ್ನು ಹೊಸ ಮನೆಯ ಬಾಗಿಲಲ್ಲಿ ಇಳಿಸಿ ಹೋದರೆ, ಆಕೆ ದಿನಕ್ಕೆರಡು ಬಾರಿ ಮೂರ್ಛೆಯ ಗುಳಿಗೆ ನುಂಗುವವಳು ಎಂಬುದನ್ನು ಹೇಳಬಲ್ಲದ್ದು ಆ ಕಾಗದ ಒಂದೇ. ಅಂಥ ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ ಸೆಳವಿನ ಮೇಲೆ ಸೆಳವು ಬಂದು ಜೀವಕ್ಕೇ ಕುತ್ತಾಗುತ್ತದೆ. ನುಂಗುವುದು ನಿಧಾನವಾಗಿರುವವರಿಗೆ ಗಂಜಿಯಂತೆ ಮೆದುವಾಗಿ, ಕೂರಿಸಿಕೊಂಡು, ಸಣ್ಣ ಸಣ್ಣ ತುತ್ತಾಗಿ ಉಣಿಸಬೇಕು. ಇದನ್ನು ತಿಳಿಯದವರು ಮಲಗಿದ್ದಲ್ಲೇ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮನೋರೋಗದ ಹಲವು ಔಷಧಿಗಳು ಕರುಳಿನ ಚಲನೆಯನ್ನು ಕುಗ್ಗಿಸುತ್ತವೆ. ಹೊಟ್ಟೆ ನೋವೆಂದು ಬಾಯಿ ಬಿಟ್ಟು ಹೇಳಲಾರದವರ ಹೊಟ್ಟೆಯುಬ್ಬರವನ್ನು ಗಮನಿಸಬೇಕಾದದ್ದು ಸ್ನಾನ ಮಾಡಿಸುವ ಕೈ. ಬಾಯಾರಿಕೆ ಹೇಳಲಾರದವರಿಗೆ ನೀರನ್ನು ಹೊತ್ತುಹೊತ್ತಿಗೆ ಕೊಡಬೇಕು. ಎಸಿಡಿಮೆನಿಯ ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದ ನರ್ಸ್‌ಗಳಿಗೂ ಆಯಾಗಳಿಗೂ ಇಂಥವೆಲ್ಲ ಬಾಯಿಪಾಠವಾಗಿದ್ದಿರಲೇಬೇಕು. ಈ ತಿಳಿವಳಿಕೆಯ ಬಹುಪಾಲು ಯಾವ ಕಡತದಲ್ಲಿಯೂ ಬರೆದಿರುವುದಿಲ್ಲ. ಹೊಸ ಮನೆಯ ಸಿಬ್ಬಂದಿ ಹಳೆಯ ವಾರ್ಡಿನಲ್ಲಿ ಎರಡು ವಾರ ಜೊತೆಗಿದ್ದು ಕಲಿಯುವುದು, ಅಥವಾ ಹಳೆಯ ನರ್ಸ್ ಹೊಸ ಮನೆಗೆ ಹೋಗಿ ಕೆಲವು ರಾತ್ರಿ ತಂಗುವುದು, ಇವೆರಡರಲ್ಲೊಂದು ನಡೆಯದಿದ್ದರೆ ಅದು ಅಲ್ಲಿಗೇ ಕಳೆದುಹೋಗುತ್ತದೆ.

ಜೋಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ 1,700 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ; ಜೂನ್, ಜುಲೈ ಅಲ್ಲಿನ ಚಳಿಗಾಲ. ಗಡುವು ಬಿದ್ದದ್ದು ಸರಿಯಾಗಿ ಆ ಹೊತ್ತಿಗೆ. ಹೊದಿಕೆ ಸಾಲದ, ಕೋಣೆ ಬೆಚ್ಚಗಿರಿಸುವ ಏರ್ಪಾಡಿಲ್ಲದ ಮನೆಗಳಲ್ಲಿ ಸಾವುಗಳು ಒಂದರ ಹಿಂದೊಂದು ಸಂಭವಿಸಿದವು. ದಾಖಲಾದ ಕಾರಣಗಳಲ್ಲಿ ನ್ಯುಮೋನಿಯಾ, ಹಿಡಿತಕ್ಕೆ ಬಾರದ ಸೆಳವು, ನೀರಿನಂಶದ ಕೊರತೆ ಇದ್ದವು. ಒಂಬುಡ್ಸ್‌ಮನ್ ಮೊದಲ ಹಂತದಲ್ಲಿ ಪರಿಶೀಲಿಸಿದ 94 ಸಾವುಗಳಲ್ಲಿ ಮಾನಸಿಕ ರೋಗಕ್ಕೆ ಸಂಬಂಧಿಸಿದ್ದೆಂದು ಕಂಡದ್ದು ಒಂದೇ ಒಂದು. ಇವರು ಮನೋರೋಗದಿಂದ ಸಾಯಲಿಲ್ಲ. ಹಸಿವು, ಚಳಿ, ಬಾಯಾರಿಕೆ ಮತ್ತು ತಪ್ಪಿದ ಗುಳಿಗೆಯಿಂದ ಸತ್ತರು.

ಇಪ್ಪತ್ತೇಳು ಮನೆಗಳು, ಒಂದೇ ತಕ್ಕಡಿ

ಸ್ಥಳಾಂತರಗೊಂಡವರನ್ನು ತೆಗೆದುಕೊಂಡ ಸ್ವಯಂಸೇವಾ ಸಂಸ್ಥೆಗಳು ಇಪ್ಪತ್ತೇಳು. ಅಷ್ಟಕ್ಕಷ್ಟೂ ಸಿಂಧುವಲ್ಲದ ಪರವಾನಗಿಯ ಮೇಲೆ ನಡೆಯುತ್ತಿದ್ದವು ಎಂಬುದು ಒಂಬುಡ್ಸ್‌ಮನ್ ಕಂಡುಕೊಂಡ ಸಂಗತಿ. ಇದರಿಂದ ಸಂಸ್ಥೆಗಳೆಲ್ಲ ಒಂದೇ ರೀತಿ ಕೆಟ್ಟವಾಗಿದ್ದವು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ, ಮತ್ತು ಈ ವಿವರವೇ ನಮ್ಮ ಕೆಲಸಕ್ಕೆ ಅತ್ಯಂತ ಉಪಯುಕ್ತವಾದದ್ದು. ಆ 94 ಸಾವುಗಳಲ್ಲಿ 75 ಸಂಭವಿಸಿದ್ದು ಐದು ಕಡೆಗಳಲ್ಲಿ: ಕಲಿನನ್ ಪುನರ್ವಸತಿ ಕೇಂದ್ರ ಮತ್ತು ಅದೇ ಆವರಣದ ಸಂಸ್ಥೆಗಳಲ್ಲಿ 25, ಪ್ರೆಶಸ್ ಏಂಜಲ್ಸ್‌ನಲ್ಲಿ 20, ಮೊಸೆಗೊ ಮತ್ತು ಟಕಲಾನಿಯಲ್ಲಿ ಸೇರಿ 15, ಶೆಪಾಂಗ್‌ನಲ್ಲಿ 10, ಹೆಫ್ಜಿಬಾದಲ್ಲಿ 5. ಇನ್ನು ಹಲವು ಸಂಸ್ಥೆಗಳಲ್ಲಿ ಒಂದು ಸಾವೂ ಆಗಲಿಲ್ಲ.

ಸಮುದಾಯ ವಸತಿ ಎಂಬುದೇ ಅಪಾಯಕಾರಿ ಎಂದು ಈ ಪ್ರಕರಣವನ್ನು ಮುಂದಿಟ್ಟುಕೊಂಡು ವಾದಿಸುವವರಿದ್ದಾರೆ; ಮೇಲಿನ ಅಂಕಿಗಳು ಅವರ ವಾದವನ್ನು ಬೆಂಬಲಿಸುವುದಿಲ್ಲ. ಅನುಭವವಿದ್ದ, ತಮ್ಮ ಶಕ್ತಿಗೆ ತಕ್ಕಷ್ಟೇ ಜನರನ್ನು ಒಪ್ಪಿಕೊಂಡ ಮನೆಗಳೂ ಆ ಪಟ್ಟಿಯಲ್ಲಿ ಇದ್ದವು. ಅವುಗಳನ್ನೂ, ನಿನ್ನೆ ಮೊನ್ನೆ ಬಾಡಿಗೆಗೆ ಹಿಡಿದ ಮನೆಗಳನ್ನೂ ಇಲಾಖೆ ಒಂದೇ ತಕ್ಕಡಿಯಲ್ಲಿ ತೂಗಿತು; ತೂಗಿದ್ದು ಹಾಸಿಗೆಯ ಲೆಕ್ಕವನ್ನು ಮಾತ್ರ. ಖಾಲಿ ಹಾಸಿಗೆ ಸಿಕ್ಕಿತೆಂದರೆ ಜಾಗ ಸಿಕ್ಕಿತು ಎಂದು ಭಾವಿಸುವ ಅಭ್ಯಾಸ ಗೌಟೆಂಗ್‌ನದ್ದು ಮಾತ್ರವಲ್ಲ. ಸಂಸ್ಥೆಗಳ ಒಳ್ಳೆಯತನವನ್ನೂ ಇಲ್ಲಿ ಸ್ವಲ್ಪ ಅನುಮಾನದಿಂದ ನೋಡಬೇಕು: ಬೇಡ ಎನ್ನಲಾಗದೆ, ಅಥವಾ ಬರಲಿರುವ ಹಣದ ಭರವಸೆಯಿಂದ, ತಮ್ಮಿಂದಾಗದ ಭಾರವನ್ನು ಹೊತ್ತುಕೊಂಡವರು ಹಲವರು. ಯಾರನ್ನು ನೋಡಿಕೊಳ್ಳಲು ತಮಗೆ ಬರುವುದಿಲ್ಲ ಎಂದು ನೇರವಾಗಿ ಹೇಳಬಲ್ಲ ಮನೆ, ಎಲ್ಲರನ್ನೂ ಕಳುಹಿಸಿ ಎನ್ನುವ ಮನೆಗಿಂತ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಇದೇ ಕೆಲಸವನ್ನು ನಿಧಾನವಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹೋಲಿಕೆಯಾಗಿ ಉತ್ತರ ಲಂಡನ್ನಿನ ಫ್ರೈರ್ನ್ ಆಸ್ಪತ್ರೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬಹುದು. 1851ರಲ್ಲಿ ಕಾಲ್ನಿ ಹ್ಯಾಚ್ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಅದನ್ನು ಮುಚ್ಚುವ ನಿರ್ಧಾರವಾದದ್ದು 1983ರಲ್ಲಿ, ನಿಜವಾಗಿ ಮುಚ್ಚಿದ್ದು 1993ರಲ್ಲಿ. ನಡುವೆ ಹತ್ತು ವರ್ಷ. ಹೊರಡುವ ಪ್ರತಿಯೊಬ್ಬ ದೀರ್ಘಕಾಲದ ರೋಗಿಯ ಹಿಂದೆ ಒಂದಿಷ್ಟು ಹಣವೂ ಹೋಗಬೇಕೆಂಬ ನಿಯಮವಿತ್ತು. ಅಲ್ಲಿನವರು ಅದನ್ನು ವರದಕ್ಷಿಣೆ ಎಂದೇ ಕರೆಯುತ್ತಿದ್ದರು. ಆ ಪದ ನಮ್ಮ ಕಿವಿಗೆ ಕಹಿಯಾದರೂ ಲೆಕ್ಕ ಸರಿಯಾಗಿಯೇ ಇತ್ತು. ಮನೋವೈದ್ಯ ಜೂಲಿಯನ್ ಲೆಫ್ ಅವರ ನೇತೃತ್ವದ ತಂಡವು 1985ರಿಂದ ಒಬ್ಬೊಬ್ಬರನ್ನೂ ಹೊರಡುವ ಮುನ್ನ ಅಳೆದು, ಒಂದು ವರ್ಷದ ಬಳಿಕ ಮತ್ತು ಐದು ವರ್ಷದ ಬಳಿಕ ಮತ್ತೆ ಭೇಟಿ ಮಾಡಿತು. ಬಹುಪಾಲು ಜನರ ರೋಗಲಕ್ಷಣಗಳು ಹೆಚ್ಚೇನೂ ಬದಲಾಗಲಿಲ್ಲ, ಆದರೆ ಅವರಿಗೆ ಗೆಳೆಯರು ಸಿಕ್ಕಿದರು, ಮನೆಗೆಲಸದ ಕೌಶಲಗಳು ಬೆಳೆದವು, ಮತ್ತು ಹೊಸ ಮನೆಯಲ್ಲೇ ಉಳಿಯುವ ಇಷ್ಟ ಅವರದಾಗಿತ್ತು.

ಕೊನೆಗೆ 72 ಮಂದಿ ಉಳಿದರು. ಹೊಡೆಯುವವರು, ಔಷಧಿ ನಿರಾಕರಿಸುವವರು, ಲೈಂಗಿಕವಾಗಿ ಅನುಚಿತವಾಗಿ ವರ್ತಿಸುವವರು, ಸಿಗರೇಟಿನಿಂದ ಬೆಂಕಿ ಹಚ್ಚುವ ಭಯವಿದ್ದವರು. ಎಲ್ಲಿಗೂ ಕಳುಹಿಸಲಾಗದವರು ಎಂಬ ಹಣೆಪಟ್ಟಿ ಹೊತ್ತವರು. ಅವರನ್ನು ಸಾಮಾನ್ಯ ವಸತಿಗಳಿಗೆ ತುರುಕದೆ, ಸಿಬ್ಬಂದಿ ಹೆಚ್ಚಿರುವ ವಿಶೇಷ ಘಟಕಗಳಿಗೆ ಕಳುಹಿಸಲಾಯಿತು. ಖರ್ಚು ಹೆಚ್ಚಾಯಿತು. ಐದು ವರ್ಷಗಳ ಬಳಿಕ ಅವರ ಸಮಸ್ಯಾತ್ಮಕ ವರ್ತನೆಗಳು ಗಣನೀಯವಾಗಿ ತಗ್ಗಿದ್ದವು, ಸುಮಾರು 40 ಪ್ರತಿಶತ ಜನ ಸಾಮಾನ್ಯ ವಸತಿಗಳಿಗೆ ಹೋಗಿ ನೆಲೆಸಿದ್ದರು. ಅಂದರೆ ಕಳುಹಿಸಲಾಗದವನು ಎಂಬುದು ಆ ವ್ಯಕ್ತಿಯ ಗುಣವಲ್ಲ, ಆ ವರ್ಷ ಆ ಊರಿನಲ್ಲಿ ಲಭ್ಯವಿದ್ದ ಮನೆಗಳ ವಿವರಣೆ.

ಗೌಟೆಂಗ್ ಮತ್ತು ಲಂಡನ್ ನಡುವೆ ಹಣದ ಅಂತರವಿದೆ ನಿಜ, ಆದರೆ ಅದೊಂದೇ ವಿವರಣೆ ಸಾಲದು. ಲಂಡನ್ನಿನಲ್ಲಿ ಕಷ್ಟಕರರನ್ನು ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಹೆಚ್ಚು ವೆಚ್ಚದಲ್ಲಿ ಸಾಗಿಸಿದರು. ಗೌಟೆಂಗ್‌ನಲ್ಲಿ ಅವರನ್ನೂ ಉಳಿದವರನ್ನೂ ಒಂದೇ ದರದಲ್ಲಿ, ಕೆಲವೇ ತಿಂಗಳುಗಳಲ್ಲಿ ಸಾಗಿಸಿದರು.

ಭಾರತದ ಓದುಗರಿಗೆ ಇದು ಪರದೇಶದ ಕಥೆಯೆನಿಸಬಾರದು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೇ ಕಲಮು, ಮನೆಯವರು ಒಪ್ಪುತ್ತಿಲ್ಲ ಅಥವಾ ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ. ಕಲಮು ಒಳ್ಳೆಯದು, ಅದನ್ನು ಪಾಲಿಸುವ ಅವಸರ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಮಹಾರಾಷ್ಟ್ರದ ಉದಾಹರಣೆ ಇದೆ. ಅಲ್ಲಿ ಮನೋರೋಗ ಆಸ್ಪತ್ರೆಗಳಲ್ಲಿದ್ದವರನ್ನು ಭಿಕ್ಷುಕರ ಕೇಂದ್ರಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸಲಾಗುತ್ತಿದೆ ಎಂಬುದು ಗಮನಕ್ಕೆ ಬಂದಾಗ ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ಅದನ್ನು ತಕ್ಷಣ ನಿಲ್ಲಿಸಬೇಕೆಂದು ಆದೇಶಿಸಿತು. ಭಿಕ್ಷುಕರ ಕೇಂದ್ರವೆಂದರೆ ಏನೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ; 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವು ನಿವಾಸಿಗಳು ಸತ್ತ ಸುದ್ದಿ ನೆನಪಿರುವವರು ಇನ್ನೂ ಬಹಳ ಮಂದಿ ಇದ್ದಾರೆ.

ಲೆಕ್ಕ ಒಪ್ಪಿಸುವುದು

2016ರ ಸೆಪ್ಟೆಂಬರ್‌ನಲ್ಲಿ ಪ್ರಾಂತೀಯ ಶಾಸನಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತ ಸಚಿವೆ 36 ಸಾವುಗಳನ್ನು ಒಪ್ಪಿಕೊಂಡರು. ಆಗಲೇ ರಾಷ್ಟ್ರೀಯ ಆರೋಗ್ಯ ಸಚಿವ ಆರನ್ ಮೊಟ್ಸೊಲೆಡಿ ಒಂಬುಡ್ಸ್‌ಮನ್ ತನಿಖೆಗೆ ಕೋರಿದ್ದು. 2017ರ ಫೆಬ್ರುವರಿ 1ರಂದು ವರದಿ ಬರುವ ಹೊತ್ತಿಗೆ ಸಂಖ್ಯೆ 94 ದಾಟಿತ್ತು, ಸಚಿವೆ ರಾಜೀನಾಮೆ ಕೊಟ್ಟಾಗಿತ್ತು. ಬದುಕುಳಿದವರನ್ನು ಆ ಮನೆಗಳಿಂದ ತೆಗೆದು ಸೂಕ್ತ ಆಸ್ಪತ್ರೆಗಳಿಗೆ ಸ್ಥಳಾಂತರಿಸುವ ಕೆಲಸ ಅನಂತರ ನಡೆಯಿತು. ಅವರಿಗೆ ಅದು ಒಂದು ವರ್ಷದೊಳಗೆ ಎರಡನೆಯ, ಕೆಲವರಿಗೆ ಮೂರನೆಯ ಸಾಗಣೆ.

ನಿವೃತ್ತ ಉಪ ಮುಖ್ಯ ನ್ಯಾಯಮೂರ್ತಿ ಡಿಕ್ಗಾಂಗ್ ಮೊಸೆನೆಕೆ ಅವರ ಮುಂದೆ 2017ರ ಅಕ್ಟೋಬರ್‌ನಲ್ಲಿ ಮಧ್ಯಸ್ಥಿಕೆ ವಿಚಾರಣೆ ಆರಂಭವಾಗಿ, 2018ರ ಮಾರ್ಚ್ 19ರಂದು ಐತೀರ್ಪು ಹೊರಬಿತ್ತು. ಸ್ಥಳಾಂತರಕ್ಕೆ ಇಲಾಖೆ ಕೊಟ್ಟ ಕಾರಣಗಳು ಅಲ್ಲಿ ನಿಲ್ಲಲಿಲ್ಲ. ಸಾವಿಗೀಡಾದವರು 144, ಹಿಂಸೆಗೂ ಆಘಾತಕ್ಕೂ ಒಳಗಾಗಿ ಬದುಕುಳಿದವರು 1,418 ಎಂದು ಅದು ಎಣಿಸಿತು. ಸಂವಿಧಾನದತ್ತ ಹಕ್ಕುಗಳ ಉಲ್ಲಂಘನೆಗೆ ಪ್ರತಿ ಹಕ್ಕುದಾರರಿಗೆ 10 ಲಕ್ಷ ರ‍್ಯಾಂಡ್, ಅದರ ಮೇಲೆ ಮಾನಸಿಕ ಆಘಾತಕ್ಕೆ 1,80,000, ಅಂತ್ಯಕ್ರಿಯೆಯ ವೆಚ್ಚಕ್ಕೆ 20,000 ಕೊಡಬೇಕೆಂದಿತು. ದಿನಕ್ಕೆ 208 ರ‍್ಯಾಂಡ್ ಉಳಿಸಲು ಹೊರಟಿದ್ದ ಲೆಕ್ಕದ ಪಕ್ಕದಲ್ಲಿ ಈ ಮೊತ್ತಗಳನ್ನು ಇಟ್ಟು ನೋಡುವ ಆಸೆಯಾಗುತ್ತದೆ.

ಮರಣ ವಿಚಾರಣೆ ಪ್ರಿಟೋರಿಯಾದಲ್ಲಿ ನ್ಯಾಯಾಧೀಶೆ ಮ್ಮೊನೋವಾ ಟೆಫೊ ಅವರ ಮುಂದೆ 2021ರ ಜುಲೈನಿಂದ ನಡೆದು, 2024ರ ಜುಲೈ 10ರಂದು ತೀರ್ಮಾನ ಬಂತು: ಮಹ್ಲಾಂಗು ಮತ್ತು ಇಲಾಖೆಯ ಮಾನಸಿಕ ಆರೋಗ್ಯ ನಿರ್ದೇಶಕಿಯಾಗಿದ್ದ ಮಕ್ಗಾಬೊ ಮನಮೆಲಾ ಅವರ ನಿರ್ಲಕ್ಷ್ಯದಿಂದ ಒಂಬತ್ತು ಸಾವುಗಳು ಸಂಭವಿಸಿದವು. ಇಷ್ಟು ಸಾವುಗಳಲ್ಲಿ ಹೀಗೆ ನೇರವಾಗಿ ಯಾರದೋ ಕೈಗೆ ಕಟ್ಟಲು ಸಾಧ್ಯವಾದದ್ದು ಒಂಬತ್ತನ್ನು ಮಾತ್ರ.

ಮೊಸೆನೆಕೆ ಅವರ ಐತೀರ್ಪಿನಲ್ಲಿ ಸತ್ತವರು, ಉಳಿದವರು ಎಂಬ ಎರಡು ಎಣಿಕೆಗಳಲ್ಲದೆ ಮೂರನೆಯದೊಂದೂ ಇತ್ತು. ಸ್ಥಳಾಂತರ ಮುಗಿದು ಇಪ್ಪತ್ತು ತಿಂಗಳಾದರೂ 44 ಮಂದಿ ಎಲ್ಲಿದ್ದಾರೆಂಬುದು ತಿಳಿದಿರಲಿಲ್ಲ. ಎಸಿಡಿಮೆನಿಯಿಂದ ಹೊರಟವರ ಪಟ್ಟಿಯಲ್ಲಿ ಅವರಿದ್ದರು. ಎಲ್ಲಿಗೋ ತಲುಪಿದವರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.